ನಿಂತು ಬೈಯಬಾರದ ಮನೆ

ನಾನು ಕಚ್ಚುತ್ತಿದ್ದೆ. ಈಗ ಹೇಳಿದರೆ ಮೊಮ್ಮಕ್ಕಳು ನಂಬುವುದಿಲ್ಲ. ಹಲ್ಲೆಲ್ಲ ಉದುರಿಸಿಕೊಂಡು ಕೂತ ಈ ಮುದುಕಿ ಯಾರನ್ನು ಕಚ್ಚಿಯಾಳು ಎಂದು ಬಿದ್ದು ಬಿದ್ದು ನಗುತ್ತಾರೆ. ಆದರೆ ಹುಮನಾಬಾದಿನ ನಮ್ಮ ಓಣಿಯಲ್ಲಿ ಒಂದು ಕಾಲಕ್ಕೆ ಚಂದಮ್ಮ ಎಂಬ ನನ್ನ ಹೆಸರಿಗಿಂತ ‘ಕಡಿಯೋ ಹುಡುಗಿ’ ಎಂಬ ಹೆಸರೇ ಹೆಚ್ಚು ಓಡಾಡುತ್ತಿತ್ತು. ನನಗೆ ಮಾತು ಬರುತ್ತಿರಲಿಲ್ಲವೆಂದಲ್ಲ, ಬೇಕಾದಷ್ಟು ಬರುತ್ತಿತ್ತು. ಆದರೆ ಆ ಮನೆಯಲ್ಲಿ ಸಣ್ಣವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಹಲ್ಲು ಹಾಕಿದರೆ ಮಾತ್ರ ಎಲ್ಲರೂ ಒಮ್ಮೆಲೇ ನನ್ನ ಕಡೆ ತಿರುಗುತ್ತಿದ್ದರು. ಅಪ್ಪನದು ಗಂಜಿನಲ್ಲಿ ಅಡತಿ ಅಂಗಡಿ, ದಲಾಲಿ ವ್ಯಾಪಾರ. ನಿಜಾಮರ ಕಾಲದ ಆ ಕಾಳಿನ ಪೇಟೆಯಲ್ಲಿ ದಿನವಿಡೀ ಜೋಳ, ತೊಗರಿಯ ಚೀಲಗಳ ನಡುವೆ ನಿಂತು ಹಮಾಲರ ಮೇಲೆ, ಬಂಡಿಯವರ ಮೇಲೆ ಕೂಗಾಡಿ, ಅದೇ ದನಿಯನ್ನು ಹೊತ್ತುಕೊಂಡು ಮನೆಗೆ ಬರುತ್ತಿದ್ದ. ಕೆಟ್ಟವನಲ್ಲ. ಪೇಟೆಯಿಂದ ಬರುವಾಗ ಧೋತರದ ಚುಂಗಿನಲ್ಲಿ ಪುಟಾಣಿ ಬೆಲ್ಲ ಕಟ್ಟಿಕೊಂಡು ಬರುತ್ತಿದ್ದವನೂ ಅವನೇ. ಆದರೆ ಬೆಲ್ಲ ಕೊಡುವ ಕೈ ಯಾವಾಗ ಕಪಾಳಕ್ಕೆ ಬರುತ್ತದೆಂದು ಹೇಳಲು ಬರುತ್ತಿರಲಿಲ್ಲ. ಒಂದು ಸಂಜೆ ದೇವರ ಗೂಡಿನಲ್ಲಿದ್ದ ಎಣ್ಣೆಬಟ್ಟಲು ನನ್ನ ಕೈ ತಾಗಿ ಉರುಳಿತು. ಬೆಕ್ಕು ಅಡ್ಡ ಬಂತೆಂದು ನಾನು ಹೇಳುತ್ತಿದ್ದೆ, ಅರ್ಧ ಹೇಳುವಷ್ಟರಲ್ಲಿ ಏಟು ಬಿತ್ತು. ನಾನು ಆ ಕೈಯನ್ನೇ ಹಿಡಿದು ಹೆಬ್ಬೆರಳಿನ ಬುಡಕ್ಕೆ ಹಲ್ಲು ಊರಿದೆ. ರಕ್ತ ಬಂತು. ಮರುದಿನ ಗಂಜಿನಲ್ಲಿ ಕೈಯ ಪಟ್ಟಿ ನೋಡಿ ಕೇಳಿದವರಿಗೆಲ್ಲ ಅಪ್ಪ, ಮಂಗ ಕಡಿಯಿತು ಎಂದನಂತೆ. ಊರಿನವರು ಮಂಗನ ಕಡಿತಕ್ಕೆ ಒಬ್ಬೊಬ್ಬರು ಒಂದೊಂದು ಔಷಧ ಹೇಳಿ ಅವನ ತಲೆ ತಿಂದರು.

ಅವ್ವ ಆಗ ದಿನ ತುಂಬುತ್ತಿದ್ದ ಬಸುರಿ. ಮೈಯಲ್ಲಿ ತ್ರಾಣವಿಲ್ಲ, ಬಂಡಿಯ ಕುಲುಕಾಟ ಆಗದು ಎಂದು ಸೂಲಗಿತ್ತಿ ಹೇಳಿದ್ದರಿಂದ ತವರಿಗೆ ಹೋಗದೆ ಅಲ್ಲೇ ಉಳಿದಿದ್ದಳು. ಹಡೆಯುವವಳನ್ನು ನೋಡುವುದೋ, ಕಚ್ಚುವವಳನ್ನು ಕಾಯುವುದೋ ಎಂಬ ಪೇಚಾಟದಲ್ಲಿ ಅಪ್ಪ ನನ್ನನ್ನು ಸೋದರಮಾವನಾದ ಮಾಮಾನೊಂದಿಗೆ ಬಂಡಿ ಹತ್ತಿಸಿ ಅವ್ವನ ತವರಾದ ಕಲ್ಯಾಣಿಗೆ ಕಳಿಸಿಬಿಟ್ಟ. ಈಗಿನ ಬಸವಕಲ್ಯಾಣವನ್ನು ಆಗ ನಾವೆಲ್ಲ ಕಲ್ಯಾಣಿ ಎಂದೇ ಕರೆಯುತ್ತಿದ್ದೆವು. ನೀ ಇನ್ನ ಅಲ್ಲೇ ಇರು, ನಾಕು ಮಂದಿಯಂಗ ಆಗಿ ಬಾ ಎಂದು ಅಪ್ಪ ಹೇಳಿದ್ದು ದಾರಿಯುದ್ದಕ್ಕೂ ಕಿವಿಯಲ್ಲಿ ಉಳಿದಿತ್ತು. ನನ್ನನ್ನು ಮನೆಯಿಂದ ಹೊರಗೆ ಹಾಕಿದ್ದಾರೆ, ಮತ್ತೆ ಕರೆದುಕೊಳ್ಳುತ್ತಾರೋ ಇಲ್ಲವೋ ಎಂಬುದೊಂದೇ ನನಗೆ ತಿಳಿದಿದ್ದು.

ಅವ್ವನ ತಾಯಿ, ನನ್ನ ಆಯಿಯ ಮನೆ ಕೋಟೆಯ ಕಡೆಯ ಓಣಿಯಲ್ಲಿತ್ತು. ಮಣ್ಣಿನ ಮಾಳಿಗೆ, ತಲಬಾಗಿಲು ದಾಟಿದರೆ ಅಂಗಳ, ಅಂಗಳದ ಮೂಲೆಗೆ ಬಾವಿ, ಎತ್ತರದ ಪಡಸಾಲೆ, ಅದರ ಹಿಂದೆ ಅಡುಗೆಮನೆ. ಅಡುಗೆಮನೆಗೆ ಮಾಳಿಗೆಯ ಬೆಳಕಿಂಡಿಯಿಂದ ಒಂದು ಕೋಲು ಬಿಸಿಲು ಇಳಿಯುತ್ತಿತ್ತು; ಅದು ಒಲೆಯ ಹತ್ತಿರ ಬಂದಿತೆಂದರೆ ಊಟದ ಹೊತ್ತು. ಮನೆಯಲ್ಲಿ ಆಯಿ, ಹೊಲ ನೋಡಿಕೊಂಡಿದ್ದ ಮಾಮಾ, ಅವನ ಹೆಂಡತಿ ಶಾಂತತ್ತೆ. ಆಯಿಯ ಗಂಡ, ನನ್ನ ಮುತ್ಯಾ, ನಾನು ಹುಟ್ಟುವ ಮೊದಲೇ ತೀರಿಹೋಗಿದ್ದ. ಶಾಂತತ್ತೆಗೆ ಮಕ್ಕಳಿರಲಿಲ್ಲ, ಮಕ್ಕಳ ಮೇಲೆ ತಾಳ್ಮೆಯೂ ಇರಲಿಲ್ಲ. ಬಂದ ದಿನವೇ ನಾನು ಬೆಲ್ಲದ ಗಡಿಗೆಗೆ ಕೈ ಹಾಕಿದ್ದನ್ನು ನೋಡಿ ಕೈಯಲ್ಲಿದ್ದ ಸೌಟು ಎತ್ತಿಕೊಂಡು ಬಂದಳು. ನಾನು ಹಲ್ಲು ಸಿದ್ಧ ಮಾಡಿಕೊಂಡೆ. ಅಷ್ಟರಲ್ಲಿ ಪಡಸಾಲೆಯಿಂದ ಆಯಿಯ ದನಿ ಬಂತು, ಜೋರಾಗಿಯೇನೂ ಅಲ್ಲ.

“ಶಾಂತವ್ವ, ಕೈಯಾಗಿಂದು ಕೆಳಗಿಡು. ಕುಂಡ್ರು. ಆಮ್ಯಾಲ ಬೈ.”

ಅತ್ತೆ ಗೊಣಗುತ್ತ ಸೌಟು ಇಟ್ಟಳು, ಗೊಣಗುತ್ತಲೇ ನೆಲಕ್ಕೆ ಕೈಯೂರಿ ಕೂತಳು. ದಪ್ಪ ಮೈ, ಮೊಣಕಾಲು ನೋವು. ಕೂರುವಷ್ಟರಲ್ಲಿ ಅವಳ ಸಿಟ್ಟಿನ ಅರ್ಧ ಮೊಣಕಾಲಿಗೆ ಖರ್ಚಾಗಿತ್ತು. ಉಳಿದರ್ಧದಲ್ಲಿ, ಕೇಳದೆ ಗಡಿಗೆ ಮುಟ್ಟಬಾರದು, ಬೇಕಾದರೆ ಬಾಯಿಬಿಟ್ಟು ಕೇಳಬೇಕು ಎಂದು ಹೇಳಿದಳು. ಅವಳ ಮುಖ ನನ್ನ ಮುಖದ ಮಟ್ಟಕ್ಕೇ ಇತ್ತು. ದೊಡ್ಡವರೊಬ್ಬರ ಬೈಗುಳವನ್ನು ನಾನು ಮೊದಲ ಬಾರಿಗೆ ಕೊನೆಯವರೆಗೆ ಕೇಳಿದ್ದು ಆಗಲೇ. ಅದು ಆ ಮನೆಯ ಕಟ್ಟಳೆ. ಮಕ್ಕಳನ್ನು ಬೈಯಬಹುದು, ಆದರೆ ನಿಂತು ಬೈಯಬಾರದು, ಕೈಯಲ್ಲಿ ಏನನ್ನಾದರೂ ಹಿಡಿದುಕೊಂಡು ಬೈಯಬಾರದು. ಆಯಿ ಸೊಸೆಯಾಗಿ ಬಂದಾಗಲೇ ಇದು ಇತ್ತಂತೆ. ಯಾರು ಮಾಡಿದ್ದೆಂದು ಅವಳಿಗೂ ಗೊತ್ತಿರಲಿಲ್ಲ. ಕೆಲವು ದಿನಗಳ ಮೇಲೆ, ಅವಳು ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತು, ಯಾಕೆ ಹೀಗೆ ಎಂದು ಕೇಳಿದೆ.

“ನಿಂತು ಬೈದ್ರ ಕೂಸಿಗಿ ಮಾತು ಕೇಳಸಂಗಿಲ್ಲ ಚಂದಮ್ಮ. ಕೈ ಯಾವ ಕಡಿಂದ ಬರ್ತದ ಅಂತ ಅದು ನೋಡ್ಕೋತ ನಿಂತಿರ್ತದ.”

ನನ್ನ ಮನಸ್ಸಿನೊಳಗೆ ಹೊಕ್ಕು ನೋಡಿ ಬಂದು ಹೇಳಿದಂತಿತ್ತು. ಹುಮನಾಬಾದಿನಲ್ಲಿ ನಾನು ಎಷ್ಟೋ ಸಲ ಬೈಸಿಕೊಂಡಿದ್ದೆ. ಯಾಕೆ ಬೈದರೆಂದು ಒಂದಾದರೂ ನೆನಪಿರಲಿಲ್ಲ, ಕೈಗಳು ಮಾತ್ರ ನೆನಪಿದ್ದವು.

ಇಷ್ಟು ಹೇಳಿದೆನೆಂದು ಆಯಿ ಮೆತ್ತಗಿನ ಮುದುಕಿ ಎಂದುಕೊಂಡೀರಿ. ಅಂಥ ಗಟ್ಟಿ ಹೆಂಗಸನ್ನು ನಾನು ಆಮೇಲೆ ಕಂಡಿಲ್ಲ. ಮುಖ ತೊಳೆದು ಹಣೆಗೆ ವಿಭೂತಿ ಹಚ್ಚಿಕೊಳ್ಳದೆ ತಿನ್ನಲು ಏನೂ ಸಿಗುತ್ತಿರಲಿಲ್ಲ. ತಾಟಿಗೆ ಹಾಕಿಸಿಕೊಂಡ ಪುಂಡಿಪಲ್ಯ ಮುಗಿಯದೆ ಏಳುವಂತಿರಲಿಲ್ಲ. ದೊಡ್ಡವರಿಲ್ಲದೆ ಬಾವಿಯ ಕಡೆ ಹೋಗುವಂತಿರಲಿಲ್ಲ. ಆಯಿ ‘ಇಲ್ಲ’ ಎಂದು ಒಂದು ಸಲ ಹೇಳುತ್ತಿದ್ದಳು, ಯಾಕೆಂದು ಒಂದು ಸಲ ಹೇಳುತ್ತಿದ್ದಳು. ಮೂರನೆಯ ಮಾತು ಅವಳ ಬಾಯಿಂದ ಹೊರಡುತ್ತಿರಲಿಲ್ಲ. ಬಾವಿಯ ಆಮೆ ನೋಡಬೇಕೆಂದು ನಾನು ಅಂಗಳದಲ್ಲಿ ಉರುಳಾಡಿ ಅತ್ತಾಗ ಹತ್ತಿರ ಬಂದು ಕೂತು, “ಅಳವ್ವ, ಅಳಾಕ ಯಾರೂ ಬ್ಯಾಡ ಅಂದಿಲ್ಲ. ಬಾವಿ ಕಡಿ ಅಷ್ಟೇ ಬ್ಯಾಡ,” ಎಂದು ಅಕ್ಕಿ ಆರಿಸುತ್ತ ಉಳಿದಳು. ಸಮಾಧಾನವನ್ನೂ ಮಾಡಲಿಲ್ಲ, ಬಾಯಿ ಮುಚ್ಚು ಎಂದೂ ಅನ್ನಲಿಲ್ಲ. ಯಾರೂ ತಡೆಯದ ಅಳು ಬೇಗ ಬೇಸರ ತರುತ್ತದೆ. ನಾನೇ ಎದ್ದು ಮೂಗು ಒರೆಸಿಕೊಂಡು ಅಕ್ಕಿಯ ಕಲ್ಲು ಹೆಕ್ಕತೊಡಗಿದೆ.

ಆದರೂ ಹಲ್ಲಿನ ಚಾಳಿ ಅಷ್ಟು ಸುಲಭವಾಗಿ ಹೋಗಲಿಲ್ಲ. ಒಂದು ಬೆಳಗ್ಗೆ ಶಾಂತತ್ತೆ ನನ್ನ ತಲೆ ಬಾಚುತ್ತಿದ್ದಳು. ಸಿಕ್ಕುಗಟ್ಟಿದ ಕೂದಲು, ಅವಸರದ ಕೈ. ನೋಯುತ್ತದೆ ಎಂದೆ. ಸುಮ್ಮನೆ ಕುಂಡ್ರು ಎಂದಳು. ಮತ್ತೆ ಎಂದೆ. ಬಾಚಣಿಗೆ ಮತ್ತೂ ಜೋರಾಗಿ ಎಳೆಯಿತು. ತಿರುಗಿ ಅವಳ ಮುಂಗೈಗೆ ಬಾಯಿ ಹಾಕಿದೆ. ಅತ್ತೆ ಚೀರಿದ್ದಕ್ಕೆ ನೆರೆಯವರೂ ಬಾಗಿಲಿಗೆ ಬಂದರು. ಬರೆ ಹಾಕ್ರಿ, ಅಂದ್ರ ಬಿಡ್ತಾಳ ಎಂದು ಯಾರೋ ಸಲಹೆ ಕೊಟ್ಟರು. ಆಯಿ ಅವರನ್ನೆಲ್ಲ ಕಳಿಸಿ, ತಲಬಾಗಿಲು ಮುಚ್ಚಿ, ನಮ್ಮಿಬ್ಬರನ್ನೂ ಪಡಸಾಲೆಯಲ್ಲಿ ಕೂಡಿಸಿ ತಾನೂ ಕೂತಳು. ನನ್ನ ಎರಡೂ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. ಬಿಡಿಸಿಕೊಳ್ಳಲು ಆಗದಷ್ಟು ಗಟ್ಟಿ, ನೋಯದಷ್ಟು ಸಡಿಲ.

“ಸಿಟ್ಟು ನಿಂದು, ಅದು ನಿನ್ನ ಹತ್ರ ಇರಲಿ. ಹಲ್ಲು ಉಣ್ಣಾಕ ಕೊಟ್ಟಾನ ದೇವರು. ಈ ಮನ್ಯಾಗ ಯಾರ ಮೈಗೂ ಹಲ್ಲು ಹತ್ತಂಗಿಲ್ಲ. ತಿಳೀತಿಲ್ಲೋ?”

ತಿಳಿಯಿತು ಎಂದು ತಲೆಯಾಡಿಸಿದೆ.

“ನೀ ಮಾಡಿದ ಗಾಯ. ಮಾಯೂ ತನಕ ನೀನೇ ತುಪ್ಪ ಅರಿಷಿಣ ಹಚ್ಚಬೇಕು.”

ಆಮೇಲೆ ಅತ್ತೆಯ ಕಡೆ ತಿರುಗಿದಳು. ಅತ್ತೆ ಇನ್ನೂ ಹೂಂಕರಿಸುತ್ತಿದ್ದಳು.

“ಶಾಂತವ್ವ, ಕೂಸು ನೋಯ್ತದ ಅಂದಿತ್ತಲ್ಲ, ಕೇಳಿದ್ಯೇನು?”

“ಕೇಳೀನ್ರಿ. ಖರೆ ಮನಿ ಕೆಲಸ ಭಾಳ ಇತ್ತರಿ ಅತ್ತಿ.”

“ನೋಯ್ತದ ಅಂದ್ರ ಕೈ ನಿಂದ್ರಬೇಕು. ಕೈ ನಿಂತ್ರ ಅಕಿ ಓಡಿ ಹೋಗಬಾರದು. ಇಬ್ರಿಗೂ ಹೇಳಾಕತ್ತೀನಿ.”

ದಿನಾ ಬೆಳಗ್ಗೆ ನಾನು ಅತ್ತೆಯ ಮುಂಗೈ ಹಿಡಿದು ತುಪ್ಪ ಅರಿಷಿಣ ಹಚ್ಚುತ್ತಿದ್ದೆ. ಮೊದಮೊದಲು ಅವಳು ಮುಖ ಆ ಕಡೆ ತಿರುಗಿಸಿ ಕೂರುತ್ತಿದ್ದಳು. ಹಲ್ಲಿನ ಗುರುತು ನೀಲಿಯಿಂದ ಹಸಿರಾಗಿ, ಹಸಿರಿನಿಂದ ಹಳದಿಯಾಗುವುದನ್ನು ಹತ್ತಿರದಿಂದ ನೋಡಿದ್ದು ನಾನೇ. ಇಷ್ಟು ಸಣ್ಣ ಬಾಯಿಂದ ಇಷ್ಟು ದಿನದ ನೋವು ಆಗುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಗಾಯ ಮಾಯುವ ಹೊತ್ತಿಗೆ ಅತ್ತೆ ತಾನಾಗಿಯೇ ಕೈ ಚಾಚಿ, “ಬಾರವ್ವ ಹಲ್ಲಿನ ಡಾಕ್ಟರ,” ಎಂದು ಕರೆಯತೊಡಗಿದ್ದಳು. ಬಾಚಣಿಗೆ ಹಿಡಿದಾಗ ನಾನು ‘ನೋಯ್ತದ’ ಎಂದರೆ ಅವಳ ಕೈ ನಿಲ್ಲುತ್ತಿತ್ತು. ಒಂದೊಂದು ಸಲ ನೋಯದಿದ್ದರೂ ಹೇಳುತ್ತಿದ್ದೆ, ನಿಲ್ಲುತ್ತದೋ ಇಲ್ಲವೋ ನೋಡಲು. ಆಗಲೂ ನಿಲ್ಲುತ್ತಿತ್ತು. ಆ ಊರಿನಲ್ಲಿ ನಾನು ಮತ್ತೆ ಯಾರನ್ನೂ ಕಚ್ಚಲಿಲ್ಲ.

ಅವ್ವ ಗಂಡು ಹಡೆದ ಸುದ್ದಿ ಬಂತು. ಅದಾಗಿ ಬಹಳ ದಿನಗಳ ಮೇಲೆ, ಒಂದು ಸಂತೆಯ ಬೆಳಗ್ಗೆ, ದಾರಿಯ ನಡುವಿನ ಊರು ರಾಜೇಶ್ವರದಲ್ಲಿ ರಾತ್ರಿ ಕಳೆದು ಅಪ್ಪನೇ ಬಂಡಿ ಕಟ್ಟಿಕೊಂಡು ಬಂದ. ತಮ್ಮನ ತೊಟ್ಟಿಲು, ಅವ್ವನ ಮಡಿಲು ಕಣ್ಣಿಗೆ ಕಟ್ಟಿದವು. ಜೊತೆಗೇ ಆ ಹಳೆಯ ಕೈಯೂ ಕಣ್ಣಿಗೆ ಕಟ್ಟಿ ನಾನು ಕಂಬದ ಹಿಂದೆ ಸೇರಿಕೊಂಡೆ. ಇಲ್ಲಿ ಒಂದು ಪದ್ಧತಿಯ ಮಾತು ಹೇಳಬೇಕು. ನಮ್ಮ ಕಡೆ ಹೆಣ್ಣು ಕೊಟ್ಟ ಅತ್ತೆ ಅಳಿಯನ ಎದುರು ಬರುತ್ತಿರಲಿಲ್ಲ, ಅವನೊಂದಿಗೆ ನೇರ ಮಾತಾಡುತ್ತಲೂ ಇರಲಿಲ್ಲ. ತಲೆ ತುಂಬ ಸೆರಗು ಹೊದ್ದು ಬಾಗಿಲ ಹಿಂದೆ ನಿಂತು, ನಡುವೆ ಯಾವುದಾದರೊಂದು ಮಗುವನ್ನು ಇಟ್ಟುಕೊಂಡು, ಹೀಗೆ ಹೇಳು ಎಂದು ಹೇಳಿಸಬೇಕು. ಅಳಿಯನಿಗೆ ಎಲ್ಲ ಕೇಳಿಸುತ್ತಿರುತ್ತದೆ. ಆದರೂ ಮಗು ಹೇಳಿದ ಮೇಲೆಯೇ ಕೇಳಿಸಿದಂತೆ. ಆ ದಿನ ಮನೆಯಲ್ಲಿದ್ದ ಮಗು ನಾನೊಬ್ಬಳೇ. ನನ್ನ ವಿಷಯವನ್ನೇ ನಾನು ಅತ್ತಿಂದಿತ್ತ ಹೊರಬೇಕಾಯಿತು.

ಅಪ್ಪ ಪಡಸಾಲೆಯಲ್ಲಿ, ಹಾಸಿದ ಜಮಖಾನದ ಅಂಚಿಗೆ ಕೊಡೆ ಹಿಡಿದು ನಿಂತಿದ್ದ.

“ಜಲ್ದಿ ತಯಾರ ಆಗು. ಹೊತ್ತು ಮುಣಗೂದ್ರೊಳಗ ರಾಜೇಶ್ವರ ದಾಟಬೇಕು.”

ಬಾಗಿಲ ಹಿಂದಿನಿಂದ ಆಯಿ ಹೇಳಿದಳು, “ಚಂದಮ್ಮ, ನಿಮ್ಮ ಅಪ್ಪಾರಿಗೆ ಹೇಳವ್ವ, ಕುಂಡರ್ರಿ ಅಂತ.”

“ಅಪ್ಪಾ, ಕುಂಡ್ರಬೇಕಂತ.”

“ಕುಂಡ್ರಾಕ ವ್ಯಾಳ್ಯಾ ಇಲ್ಲಂತ ಹೇಳು.”

“ಆಯಿ, ವ್ಯಾಳ್ಯಾ ಇಲ್ಲಂತ.”

“ಮಕ್ಕಳ ಮಾತು ಈ ಮನ್ಯಾಗ ನಿಂತು ಆಡಂಗಿಲ್ಲ ಅಂತ ಹೇಳು. ನಾನೂ ಕುಂತೀನಿ ಅಂತ ಹೇಳು.”

ನಾನು ಹೇಳುವ ಮೊದಲೇ ಅಪ್ಪನಿಗೆ ಅರ್ಥವಾಯಿತು. ಆಯಿಯ ದನಿ ಬಾಗಿಲ ಚಿಲಕಕ್ಕಿಂತ ಎಷ್ಟೋ ಕೆಳಗಿನಿಂದ ಬರುತ್ತಿತ್ತು. ವಯಸ್ಸಾದ ಹೆಣ್ಣುಮಗಳು ಆಚೆ ಬರಿ ನೆಲದ ಮೇಲೆ ಕೂತಿರುವಾಗ ತಾನು ಈಚೆ ನಿಂತಿರುವುದು ಅವನಿಗೆ ಮುಜುಗರವಾಗಿರಬೇಕು. ಕೊಡೆ ಗೋಡೆಗಾನಿಸಿ ಕೂತ.

“ಹುಡುಗಿ ಈಗ ಕಡಿಯಂಗಿಲ್ಲ ಅಂತ ಹೇಳು,” ಎಂದಳು ಆಯಿ.

“ಅಪ್ಪಾ, ನಾ ಈಗ ಕಡಿಯಂಗಿಲ್ಲ.”

“ಛಲೋ ಆತಂತ ಹೇಳು.”

“ಅಕಿ ಏನರೆ ಹೇಳೂ ಮುಂದ ಪೂರಾ ಕೇಳ್ರಿ ಅಂತ ಹೇಳು,” ಎಂದು ಬಾಗಿಲ ಹಿಂದಿನಿಂದ ಮತ್ತೆ ಬಂತು.

ಇಂಥ ಅವಕಾಶ ಮತ್ತೆ ಸಿಕ್ಕೀತೇ? ನಾನು ಒಂದೇ ಉಸಿರಿಗೆ ಹೇಳಿದೆ, “ಅಪ್ಪಾ, ನಾ ಹೇಳೋದು ಪೂರಾ ಕೇಳಬೇಕಂತ. ಮತ್ತ ನನಗ ಹೊಡಿಬಾರದಂತ. ಆಯಿ ಹೇಳ್ಯಾಳ.”

ಬಾಗಿಲ ಹಿಂದಿನಿಂದ ಆಯಿ ಕೂಡಲೇ ತಿದ್ದಿದಳು.

“ಚಂದಮ್ಮ, ಹೊಡಿಬಾರದು ಅನ್ನೂ ಮಾತು ನಾ ಅಂದಿಲ್ಲ.”

ಅಪ್ಪನ ಎದುರೇ ಸಿಕ್ಕಿಬಿದ್ದಿದ್ದೆ.

“ಅದು ನಿನ್ನ ಮಾತು. ಛಲೋ ಮಾತೇ ಅದ. ಖರೆ ನನ್ನ ಹೆಸರ್ಲೆ ಹೇಳಬ್ಯಾಡ. ನಿನ್ನ ಹೆಸರ್ಲೆ ಹೇಳು.”

ಕಂಬ ಹಿಡಿದುಕೊಂಡೆ. ಅಪ್ಪ ನನ್ನನ್ನೇ ನೋಡುತ್ತಿದ್ದ. ಕೂತಿದ್ದರಿಂದ ಅವನ ಕಣ್ಣು ನನ್ನ ಕಣ್ಣಿನ ಮಟ್ಟಕ್ಕಿತ್ತು. ಅವನ ಕಣ್ಣು ಕಂದು ಬಣ್ಣದ್ದೆಂದು ಆವತ್ತೇ ಗೊತ್ತಾಯಿತು.

“ಅಪ್ಪಾ, ನನಗ ಹೊಡಿಬ್ಯಾಡ. ನೀ ಹೊಡಿಯೂ ಮುಂದ ಏನ್ ಹೇಳ್ತಿ ಅಂತ ನನಗ ಕೇಳಸಂಗಿಲ್ಲ.”

ಅಪ್ಪ ಗಂಜಿನಲ್ಲಿ ಯಾರಿಗೂ ಮಾತು ಬಿಟ್ಟುಕೊಡದ ಮನುಷ್ಯ. ಈಗ ದೊಡ್ಡವರೊಬ್ಬರೊಂದಿಗೆ ವ್ಯವಹಾರ ಕುದುರಿಸುವ ದನಿಯಲ್ಲಿ ಕೇಳಿದ.

“ನಾ ಮರತು ಕೈ ಎತ್ತಿದ್ರ?”

“ನಾ ನೆನಪು ಮಾಡ್ತೀನಿ.”

“ನೀ ಮರತು ಕಡಿದ್ರ?”

“ನೀ ನೆನಪು ಮಾಡು. ಕುಂತು.”

ಅಡುಗೆಮನೆಯಲ್ಲಿ ಶಾಂತತ್ತೆ ಬಾಯಿಗೆ ಸೆರಗು ಒತ್ತಿಕೊಂಡಳು. ಅಪ್ಪನ ಮೀಸೆಯೂ ಸ್ವಲ್ಪ ಅಲುಗಿತು. “ಆತು. ಹಂಗಾದ್ರ ಈಗ ನನ್ನ ಕೂಡ ಬರ್ತೀಯೇನು?” ಎಂದ.

ಅದು ಪ್ರಶ್ನೆಯೆಂದು ಅವನಿಗೇ ಗೊತ್ತಿರಲಿಲ್ಲ ಎಂದು ನನ್ನ ನಂಬಿಕೆ. ಹೊರಡೋಣ ಎನ್ನುವುದನ್ನೇ ಹಾಗೆ ಹೇಳಿದ್ದ. ಆದರೆ ನಾನು ಅದನ್ನು ಪ್ರಶ್ನೆ ಎಂದೇ ಹಿಡಿದೆ.

“ಇಲ್ಲ,” ಎಂದೆ.

ನನಗೆ ಹೋಗಲು ಮನಸ್ಸಿರಲಿಲ್ಲವೇ? ಇತ್ತು, ಬೇಕಾದಷ್ಟು ಇತ್ತು. ಆದರೆ ಹುಟ್ಟಿದಾಗಿನಿಂದ ಆ ಮನುಷ್ಯನಿಗೆ ‘ಇಲ್ಲ’ ಎಂದು ಹೇಳಿ ನೋಡಿರಲಿಲ್ಲ. ಬಾಚಣಿಗೆ ನಿಲ್ಲುತ್ತದೋ ಎಂದು ನೋಡುತ್ತಿದ್ದೆನಲ್ಲ, ಹಾಗೆಯೇ ಇದು ಸಹ ಬಾಯಿಗೆ ಬಂತು. “ಅಯ್ಯ ಹುಚ್ಚಿ, ಹೂಂ ಅನ್ನ!” ಎಂದು ಶಾಂತತ್ತೆ ಒಳಗಿನಿಂದ ಕೂಗಿದಳು. ಅಪ್ಪನ ಮುಖ ಕೆಂಪೇರಿತು. ಎದ್ದ. ಕೈ ಮೇಲೆ ಹೋಯಿತು. ಹೋದ ಕೈ ರುಮಾಲಿನ ತುದಿ ಹಿಡಿದು ಹಣೆಯ ಬೆವರು ಒರೆಸಿಕೊಂಡಿತು.

“ಕೇಳಿದವ ನಾನೇ. ಇಲ್ಲ ಅಂದಳು. ಆತು.”

ಕೊಟ್ಟ ಮಜ್ಜಿಗೆ ಕುಡಿದು, ಖಾಲಿ ಬಂಡಿ ಹೊಡೆದುಕೊಂಡು ಹೋದ. ಮತ್ತೆ ಬರುತ್ತೇನೆ ಎನ್ನಲಿಲ್ಲ. ಬಂಡಿಯ ಗೆಜ್ಜೆ ಸದ್ದು ಓಣಿಯ ತಿರುವಿನಲ್ಲಿ ಕರಗಿದ ಕೂಡಲೇ ನನಗೆ ಅಳು ಒತ್ತಿಕೊಂಡು ಬಂತು. ಮಾಮಾನನ್ನು ಓಡಿಸು, ಬಂಡಿ ನಿಲ್ಲಿಸಲಿ ಎಂದು ಆಯಿಯ ಸೀರೆ ಹಿಡಿದು ಜಗ್ಗಿದೆ. ಆಯಿ ನನ್ನ ಪಕ್ಕದಲ್ಲಿ ಕೂತಳು.

“ಇಲ್ಲವ್ವ. ನಿಮ್ಮ ಅಪ್ಪಾರು ನಿನ್ನ ಮಾತಿಗಿ ಬೆಲಿ ಕೊಟ್ಟು ಖಾಲಿ ಬಂಡಿ ಒಯ್ದಾರ. ಈಗ ನೀನೂ ನಿನ್ನ ಮಾತಿಗಿ ಬೆಲಿ ಕೊಡಬೇಕು. ಕಾಯಬೇಕು.”

“ಮತ್ತ ಬರದೇ ಇದ್ರ?”

“ಅದು ನನಗೂ ಗೊತ್ತಿಲ್ಲ ಚಂದಮ್ಮ.”

ಬರುತ್ತಾರೆ ಬಿಡು ಎಂದು ಸುಳ್ಳು ಸಮಾಧಾನ ಹೇಳಬಹುದಿತ್ತು, ಹೇಳಲಿಲ್ಲ. ಅಳಿಯನನ್ನು ಬರಿಗೈಯಲ್ಲಿ ಕಳಿಸಿದ್ದು ಸಣ್ಣ ಸಂಗತಿಯಲ್ಲ. ಅದರ ಸಿಟ್ಟು ತನ್ನ ಬಾಣಂತಿ ಮಗಳ ಮೇಲೆ ತಿರುಗಬಹುದೆಂದು ಆಯಿಗೆ ಗೊತ್ತಿತ್ತು. ಆ ವಾರವೆಲ್ಲ ಅವಳು ಪೂಜೆಗೆ ಕೂತರೆ ಬೇಗ ಏಳುತ್ತಿರಲಿಲ್ಲ. ಆದರೂ ನೀ ಹೂಂ ಅನ್ನಬೇಕಿತ್ತು ಎಂಬ ಒಂದು ಮಾತು ಆಡಲಿಲ್ಲ. ನಾನು ಕಟ್ಟೆಯ ಮೇಲೆ ಕೂತು ಹುಮನಾಬಾದಿನ ಕಡೆಯ ದಾರಿ ನೋಡುತ್ತಿದ್ದೆ. ಬಾಯಿಂದ ಬಿಟ್ಟ ಮಾತಿಗೆ ಇಷ್ಟು ಭಾರವಿರುತ್ತದೆಂದು ಹಲ್ಲಿನ ಕಾಲದಲ್ಲಿ ನನಗೆ ತಿಳಿದಿರಲಿಲ್ಲ. ಹೆದರಿಕೆಯಾಗುತ್ತಿತ್ತು. ಆ ಹೆದರಿಕೆಯೊಳಗೆ ಎಲ್ಲೋ ಒಂದು ಕಡೆ ಹೆಮ್ಮೆಯೂ ಇತ್ತು, ಇಲ್ಲವೆಂದು ಹೇಳಲಾರೆ.

ಮುಂದಿನ ಸಂತೆಗೆ ಅಪ್ಪ ಬಂದ. ಯಾರೂ ಹೇಳದೆ ಜಮಖಾನದ ಮೇಲೆ ಕೂತ. ಮಜ್ಜಿಗೆ ಬರುವ ಮೊದಲೇ ನನ್ನನ್ನು ಕರೆದು ಕೇಳಿದ, “ಬರ್ತೀಯೇನು?” ಈ ಸಲ ಅದು ಪ್ರಶ್ನೆಯೆಂದು ಅವನಿಗೂ ಚೆನ್ನಾಗಿ ಗೊತ್ತಿತ್ತು, ಕೇಳಿ ನನ್ನ ಉತ್ತರಕ್ಕೆ ಕಾದ. ಬರ್ತೀನಿ ಎಂದೆ. ಯಾರೂ ಎತ್ತಿ ಕೂಡಿಸದೆ ನಾನೇ ಗಾಲಿಯ ಮೇಲೆ ಕಾಲಿಟ್ಟು ಬಂಡಿ ಹತ್ತಿದೆ. ಹಾಗೆಂದು ಅಪ್ಪ ಒಮ್ಮೆಲೇ ಶಾಂತಮೂರ್ತಿಯಾದ ಎಂದು ತಿಳಿಯಬೇಡಿ. ಮುಂದೆಯೂ ಕೂಗಾಡುತ್ತಿದ್ದ, ಕೈ ಎತ್ತುತ್ತಿದ್ದ. “ಅಪ್ಪಾ, ನೆನಪು,” ಎಂದರೆ ಸಿಡುಕಿನಿಂದಲೇ ಆದರೂ ಕುಕ್ಕರಿಸಿ ಕೂರುತ್ತಿದ್ದ. ಕೂತು ಏರಿಸಿದ ದನಿಯಲ್ಲೇ, ಮಾಡಬಾರದ್ದನ್ನು ಮಾಡಬಾರದೆಂದು ಹೇಳುತ್ತಿದ್ದ. ಹೇಳಿದ್ದು ನನಗೆ ಕೇಳಿಸುತ್ತಿತ್ತು.

ಹುಮನಾಬಾದ್ ಮುಟ್ಟಿದಾಗ ಅವ್ವ ನಡುಮನೆಯಲ್ಲಿ ತಮ್ಮನಿಗೆ ಎಣ್ಣೆ ಹಚ್ಚುತ್ತಿದ್ದಳು. ಕೂಸನ್ನು ತೊಟ್ಟಿಲಿಗೆ ಹಾಕಿ ನನ್ನನ್ನು ಹತ್ತಿರ ಎಳೆದುಕೊಂಡಳು. ಎಷ್ಟೋ ದಿನಕ್ಕೆ ಕಂಡ ಮಗಳಿಗೆ ಉಂಡಿಯಾ, ಹೇಗಿದ್ದಿ ಎಂದು ಕೇಳುತ್ತಾಳೆಂದುಕೊಂಡೆ. ಅವಳು ಬಾಗಿಲ ಕಡೆ ನೋಡಿ, ಅಪ್ಪ ಎತ್ತು ಬಿಡಲು ಹಿತ್ತಲಿಗೆ ಹೋಗಿದ್ದು ಖಾತ್ರಿ ಮಾಡಿಕೊಂಡು, ಮೆಲ್ಲಗೆ ಕೇಳಿದಳು.

“ನಿಮ್ಮಪ್ಪ ನಿನಗ ಬರ್ತೀಯೇನು ಅಂತ ಕೇಳಿದ್ರಂತ, ಖರೇನ?”

“ಖರೆ ಅವ್ವಾ.”

“ನೀ ಇಲ್ಲ ಅಂದ್ಯಂತ?”

“ಹೂಂ.”

“ಮತ್ತ? ಏನಾತು?”

“ಏನೂ ಆಗಲಿಲ್ಲ.”

ಅವ್ವ ನನ್ನನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಆಮೇಲೆ, ತನಗೆ ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು ಎಂದಳು.